ಹಳೇ ಕಾರಿನ ಮುಂದಿನ ಇಂಡಿಕೇಟರ್: ಯಾವ ಬಲ್ಬು, ಹೇಗೆ ಗುರುತಿಸೋದು, ಹೇಗೆ ಬದಲಿಸೋದು?

ಹಳೇಚಕ್ರ

1960ರ ದಶಕದ ಕಾರು. 12 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿದೆ), ಎರಡು ಕಾಲಿನ ಹಳೇ ಫ್ಲ್ಯಾಶರ್ (ಇಂಡಿಕೇಟರ್ ಮಿನುಗಿಸೋ ಡಬ್ಬಿ). ಮುಂದೆ ಪಾರ್ಕಿಂಗ್ ಲೈಟಿಗೂ ಇಂಡಿಕೇಟರಿಗೂ ಸೇರಿ ಪ್ರತಿ ಬದಿಗೆ ಒಂದೇ ಬಲ್ಬು, ಲೆನ್ಸ್ ಬಿಳಿ. ಡ್ಯಾಶ್‌ಬೋರ್ಡಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಣ. ಗಾಡಿಗೆ ಇತ್ತೀಚೆಗೆ ಹೊಸ ಪೇಂಟ್ ಆಗಿದೆ.

ಎಡಗಡೆ ಬಲ್ಬಿನ ಹಿತ್ತಾಳೆ ಮೇಲೆ 1157 ಅಂತಿದೆ. ಬಲಗಡೆಯದರಲ್ಲಿ 12 ವೋಲ್ಟ್ 21 ವ್ಯಾಟ್ ಅಂತ ಮಾತ್ರ.

ತೊಂದರೆ ಎರಡು. ಪಾರ್ಕಿಂಗ್ ಸ್ವಿಚ್ ಹಾಕಿದರೆ ಡ್ಯಾಶ್‌ಬೋರ್ಡಿನ ಬಲಗಡೆ ಬಾಣ ತಾನಾಗಿ ಉರಿಯುತ್ತೆ, ಹಿಂದಿನ ಬಲ ಇಂಡಿಕೇಟರೂ ಹತ್ತಿಕೊಂಡೇ ಇರುತ್ತೆ. ಎಡಗಡೆ ಬೇರೆ ಕಥೆ: ಪಾರ್ಕಿಂಗ್ ಒಂದೇ ಹಾಕಿದರೆ ಸರಿ, ಜೊತೆಗೆ ಇಂಡಿಕೇಟರ್ ಹಾಕಿದರೆ ಜೋರಾಗಿ ಮಿನುಗೋ ಬದಲು ಪಾರ್ಕಿಂಗ್ ಬೆಳಕೇ ಆರಿ ಹತ್ತುತ್ತೆ.

ಸರಿಯಾದ ಬಲ್ಬು ಯಾವುದು? ಎರಡೂ ಕಡೆ ಎಲ್‌ಇಡಿ ಹಾಕಿಬಿಟ್ಟರೆ ಸರಿಹೋಗುತ್ತಾ?

ಪಿನ್ನುಲೆಕ್ಕ

ಎಲ್‌ಇಡಿ ವಿಚಾರ ಆಮೇಲೆ. ಮೊದಲು, ಕಿತ್ತ ಬಲ್ಬಿನ ಮೇಲಿರೋ ನಂಬರನ್ನು ನಂಬಬೇಡಿ. ಐವತ್ತು ಅರವತ್ತು ವರ್ಷದಲ್ಲಿ ಎಷ್ಟು ಜನ ಕೈಗೆ ಸಿಕ್ಕಿದ್ದನ್ನು ತುರುಕಿದ್ದಾರೋ ಯಾರಿಗೆ ಗೊತ್ತು. ಸಾಕ್ಷಿ ಹೇಳಬೇಕಾದ್ದು ಹೋಲ್ಡರ್. ಟಾರ್ಚ್ ಬಿಟ್ಟು ಒಳಗೆ ನೋಡಿ.

ತಳದಲ್ಲಿ ಎಷ್ಟು ಕಾಂಟ್ಯಾಕ್ಟ್ ಇವೆ? ನಡುವೆ ಒಂದೇ ಇದ್ದರೆ ಸಿಂಗಲ್, ಅಕ್ಕಪಕ್ಕ ಎರಡಿದ್ದರೆ ಡಬಲ್.

ಆಮೇಲೆ ಪಿನ್ನು ಕೂರೋ ಕೊಂಡಿ ಆಕಾರದ ಎರಡು ಸೀಳುಗಳು. ಎರಡೂ ಒಂದೇ ಆಳಕ್ಕೆ ಇಳಿದಿವೆಯಾ, ಇಲ್ಲ ಒಂದು ಇನ್ನೊಂದಕ್ಕಿಂತ ಸುಮಾರು 3 ಮಿ.ಮೀ. ಹೆಚ್ಚು ಆಳವಾ? 15 ಮಿ.ಮೀ. ಬುಡದ ಬಲ್ಬುಗಳ ಜಾತಿ ಪತ್ತೆಯಾಗೋದು ಇಲ್ಲೇ.

ಬಿಎ15ಎಸ್: ಒಂದು ಕಾಂಟ್ಯಾಕ್ಟ್, ಪಿನ್ನು ಎದುರುಬದುರು, ಒಂದೇ ಎತ್ತರ. ಪಿ21ಡಬ್ಲ್ಯೂ, ಅಮೆರಿಕದ 1156, ಬ್ರಿಟಿಷ್ ಪಟ್ಟಿಯ 382 ಎಲ್ಲ ಈ ಬುಡದವು. 5 ವ್ಯಾಟಿನ ಆರ್5ಡಬ್ಲ್ಯೂ ಬುಡವೂ ಇದೇ. ಆದರೆ ಅದರ ಗಾಜು ಸುಮಾರು 19 ಮಿ.ಮೀ. ಅಷ್ಟೇ, 21 ವ್ಯಾಟಿನದು 25ರ ಆಸುಪಾಸು. ಪಕ್ಕಪಕ್ಕ ಇಟ್ಟರೆ ಗೋಲಿಗೂ ನಿಂಬೆಗೂ ಇರೋಷ್ಟು ವ್ಯತ್ಯಾಸ.

ಬಿಎವೈ15ಡಿ: ಎರಡು ಕಾಂಟ್ಯಾಕ್ಟ್, ಪಿನ್ನು ಎದುರುಬದುರು, ಎತ್ತರ ಬೇರೆ ಬೇರೆ. ಒಳಗೆ ಎರಡು ಫಿಲಮೆಂಟ್ (ಕಾದು ಉರಿಯೋ ಎಳೆ). ಪಿ21/5ಡಬ್ಲ್ಯೂ, 1157, ಬ್ರಿಟಿಷ್ 380.

ಬಿಎಯು15ಎಸ್: ಒಂದು ಕಾಂಟ್ಯಾಕ್ಟ್, ಒಂದೇ ಎತ್ತರ, ಆದರೆ ಪಿನ್ನುಗಳ ನಡುವಿನ ಕೋನ 180 ಅಲ್ಲ, 150 ಡಿಗ್ರಿ. ಅಂಬರ್ ಗಾಜಿನ ಪಿವೈ21ಡಬ್ಲ್ಯೂ ಬಲ್ಬಿನದು. ಬಿಳಿ ಲೆನ್ಸಿನ ಹಿಂದೆ ಯಾರೂ ಬಿಳಿ ಬಲ್ಬು ಹಾಕದಿರಲಿ ಅಂತ ಮಾಡಿದ್ದು. ಇದು ಆಮೇಲಿನ ಗಾಡಿಗಳದು, ನಿಮ್ಮದರಲ್ಲಿ ಇರೋಲ್ಲ.

ಒಂದೇ ಬಲ್ಬು ಎರಡು ಕೆಲಸ ಮಾಡುತ್ತೆ ಅಂದಮೇಲೆ ನಿಮ್ಮದು ಬಿಎವೈ15ಡಿ. ಬಲಗಡೆ ಕೂತಿರೋ 21 ವ್ಯಾಟಿನದು ಪರದೇಶಿ.

ತಾಮ್ರತಂತಿ

ಬಲಗಡೆ ರೋಗ ಅದೇ. ಸಿಂಗಲ್ ಕಾಂಟ್ಯಾಕ್ಟ್ ಬಲ್ಬನ್ನು ಡಬಲ್ ಹೋಲ್ಡರಿಗೆ ವಾರೆಯಾಗಿ ಒತ್ತಿ ತಿರುಗಿಸಿದ್ದಾರೆ. ಒಂದು ಪಿನ್ನು ಕೂತಿರುತ್ತೆ, ಇನ್ನೊಂದು ಸೀಳಿನ ಅಂಚಿನಲ್ಲಿ ನೇತಾಡ್ತಿರುತ್ತೆ. ಬುಡದ ನಡುವಿನ ಸೀಸದ ಬೊಟ್ಟು ಹೋಲ್ಡರಿನ ಎರಡೂ ಕಾಂಟ್ಯಾಕ್ಟಿಗೆ ತಾಗಿ ಪಾರ್ಕಿಂಗ್ ತಂತಿ, ಇಂಡಿಕೇಟರ್ ತಂತಿ ಎರಡನ್ನೂ ಒಂದು ಮಾಡಿಬಿಟ್ಟಿದೆ. ಪಾರ್ಕಿಂಗ್ ಹಾಕಿದರೆ ಕರೆಂಟು ಇಂಡಿಕೇಟರ್ ಲೈನಿಗೆ ನುಗ್ಗಿ ಹಿಂದಿನ ಬಲ್ಬನ್ನೂ ಬಾಣವನ್ನೂ ಹತ್ತಿಸುತ್ತೆ. 5 ವ್ಯಾಟ್ ಹೊರಬೇಕಾದ ಕವಲು 42 ವ್ಯಾಟ್ ಹೊರುತ್ತಿದೆ, ಅಂದರೆ ಸುಮಾರು ಮೂರೂವರೆ ಆಂಪ್. ಇವತ್ತೇ ಕಿತ್ತುಬಿಡಿ, ಹಳೇ ವೈರಿಂಗ್ ಬಿಸಿಯಾಗುತ್ತೆ.

ಇದರದ್ದೇ ದಾಯಾದಿ ಇನ್ನೊಂದಿದೆ: ಬಿಎ15ಡಿ. ಎರಡು ಕಾಂಟ್ಯಾಕ್ಟ್, ಪಿನ್ನು ಒಂದೇ ಎತ್ತರ, ಒಳಗೆ ಮಾತ್ರ ಒಂದೇ ಫಿಲಮೆಂಟ್, 1142ರ ಹಾಗೆ. ಫಿಲಮೆಂಟಿನ ಎರಡು ತುದಿ ಎರಡು ಕಾಂಟ್ಯಾಕ್ಟಿಗೆ, ಹಿತ್ತಾಳೆಗೆ ಸಂಬಂಧವೇ ಇಲ್ಲ. ಅಂಗಡಿಯಲ್ಲಿ ‘ಡಬಲ್ ಕಾಂಟ್ಯಾಕ್ಟ್ ಕೊಡಿ’ ಅಂದರೆ ಇದೂ ಬರಬಹುದು. ಡಬಲ್ ಫಿಲಮೆಂಟ್ ಅಂತಲೇ ಕೇಳಿ, ಕೊಂಡ ಮೇಲೆ ಪಿನ್ನಿನ ಎತ್ತರ ನೋಡಿ.

ಮಿಣುಕುಹುಳ

ಎಡಗಡೆ ನೂರಕ್ಕೆ ನೂರು ಅರ್ಥ್ ಇಲ್ಲ. ಪೇಂಟ್ ಆಗಿದೆ ಅಂದಾಗಲೇ ಅನುಮಾನ ಬಂತು.

ಯಾಕೆ ಹಾಗಾಗುತ್ತೆ ಅಂದರೆ, ಬಲ್ಬಿನೊಳಗೆ ಎರಡು ಫಿಲಮೆಂಟಿಗೂ ಒಂದು ತುದಿ ಸಾಮಾನ್ಯ, ಅದು ಹಿತ್ತಾಳೆ ಬುಡ. ಅಲ್ಲಿಂದ ಹೋಲ್ಡರ್, ಲೈಟಿನ ಗೂಡಿನ ತಗಡು, ಸ್ಕ್ರೂ, ಬಾಡಿ. ಪೇಂಟ್ ಈ ದಾರಿ ಕಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತೆ. ಪಾರ್ಕಿಂಗ್ ಒಂದೇ ಹಾಕಿದಾಗ ಅದು 5 ವ್ಯಾಟ್ ಫಿಲಮೆಂಟ್ ದಾಟಿ, 21ರ ಫಿಲಮೆಂಟಿನೊಳಗಿಂದ ಇಂಡಿಕೇಟರ್ ತಂತಿಗೆ ಹತ್ತಿ, ಹಿಂದಿನ ಇಂಡಿಕೇಟರ್ ಬಲ್ಬಿನ ಮೂಲಕ ಬಾಡಿ ಸೇರುತ್ತೆ. 21ರ ಫಿಲಮೆಂಟುಗಳು ತಣ್ಣಗಿದ್ದಾಗ ಒಂದು ಓಮ್ ಕೂಡ ಇರೋಲ್ಲ. ಹಾಗಾಗಿ ಪಾರ್ಕಿಂಗ್ ಬೆಳಕು ನೋಡೋಕೆ ಸರಿಯಾಗೇ ಇರುತ್ತೆ, ಮೋಸ ಹೋಗೋದು ಇಲ್ಲಿಯೇ.

ಈಗ ಇಂಡಿಕೇಟರ್ ಹಾಕಿ. ಫ್ಲ್ಯಾಶರ್ ಕೂಡಿದ ಕ್ಷಣಕ್ಕೆ ಎರಡು ತುದಿಯಲ್ಲೂ 12 ವೋಲ್ಟ್. ಎರಡು ಕಡೆ ಒತ್ತಡ ಸಮ ಅಂದಮೇಲೆ ನಡುವೆ ಹರಿಯೋದೇನು? ಮುಂದಿನ ಬಲ್ಬು ಕಪ್ಪು. ಫ್ಲ್ಯಾಶರ್ ಬಿಟ್ಟಾಗ ಮತ್ತೆ ಪಾರ್ಕಿಂಗ್ ಹತ್ತುತ್ತೆ. ನೀವು ನೋಡ್ತಿರೋ ತಿರುಗುಮುರುಗು ಮಿನುಗು ಅದೇ.

ಖಾತ್ರಿ ಮಾಡಿಕೊಳ್ಳೋಕೆ ಪಾರ್ಕಿಂಗ್ ಆರಿಸಿ ಎಡ ಇಂಡಿಕೇಟರ್ ಮಾತ್ರ ಹಾಕಿ. ಮುಂದೆ ಸಣ್ಣ ಫಿಲಮೆಂಟ್ ಮಂಕಾಗಿ ಹೊಳೆದು, ಜೊತೆಗೆ ಮೀಟರ್ ಲೈಟೋ ಟೇಲ್ ಲೈಟೋ ಕೆಂಡದ ಹಾಗೆ ಮಿನುಗಿದರೆ ಬೇರೆ ಪರೀಕ್ಷೆಯೇ ಬೇಡ.

ಹಳೇಚಕ್ರ

ಹಾಕಿ ನೋಡಿದೆ, ಮೀಟರ್ ಲೈಟು ಸಣ್ಣಗೆ ಮಿನುಗುತ್ತೆ! ಅಳತೆ ಹೇಗೆ ಮಾಡಲಿ? ಮಲ್ಟಿಮೀಟರ್ ಇದೆ.

ತಾಮ್ರತಂತಿ

ಇಂಡಿಕೇಟರ್ ಮಿನುಗ್ತಿದ್ದರೆ ಡಿಜಿಟಲ್ ಮೀಟರಿನ ಅಂಕಿ ನಿಲ್ಲೋಲ್ಲ. ಅದಕ್ಕೆ ಫ್ಲ್ಯಾಶರ್ ಕಿತ್ತು ಅದರ ಎರಡು ತಂತಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ. ಈಗ ಇಂಡಿಕೇಟರ್ ಮಿನುಗದೆ ಉರಿಯುತ್ತೆ. (ಮೂರು ಕಾಲಿನದಾದರೆ ಸಪ್ಲೈ ಮತ್ತು ಎಲ್ ಕಾಲು ಸೇರಿಸಿ, ಪಿ ಅನ್ನೋದು ಡ್ಯಾಶ್‌ಬೋರ್ಡ್ ಬಲ್ಬಿನದು, ಅದನ್ನು ಮುಟ್ಟಬೇಡಿ.)

ಬಲ್ಬು ಹೋಲ್ಡರಿನಲ್ಲೇ ಇರಲಿ, ಪಾರ್ಕಿಂಗೂ ಹಾಕಿ. ಮೀಟರಿನ ಕಪ್ಪು ತಂತಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ, ಬಾಡಿಗಲ್ಲ. ಕೆಂಪು ತಂತಿಯ ಮೊನೆಯನ್ನು ಹೋಲ್ಡರಿನ ಲೋಹಕ್ಕೆ ಒತ್ತಿ ಹಿಡಿಯಿರಿ. 0.1 ವೋಲ್ಟ್ ಒಳಗೆ ಬಂದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ಬಂದರೆ ಕೊಳಕು. 12ರ ಹತ್ತಿರ ಬಂದರೆ ಅರ್ಥೇ ಇಲ್ಲ.

ಆಮೇಲೆ ಸಪ್ಲೈ ಕಡೆ: ಕೆಂಪು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಹೋಲ್ಡರಿನ ಹಿಂದಿನ ಇಂಡಿಕೇಟರ್ ತಂತಿಗೆ. ಹಳೇ ಸ್ವಿಚ್ಚು, ಫ್ಯೂಸು, ಬುಲೆಟ್ ಕನೆಕ್ಟರ್ ಎಲ್ಲ ಸೇರಿ ಅರ್ಧ ವೋಲ್ಟಿನೊಳಗಿದ್ದರೆ ನಾನಂತೂ ಕೈ ಹಾಕೋಲ್ಲ. ಇಷ್ಟು ಸಣ್ಣ ಅಂಕಿಗೆ ಯಾಕೆ ತಲೆಕೆಡಿಸಿಕೊಳ್ಳಬೇಕು ಅಂದರೆ, ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತೆ. ಶೇ. 10ರಷ್ಟು ವೋಲ್ಟ್ ಹೋದರೆ ಶೇ. 30ರಷ್ಟು ಬೆಳಕು ಹೋಯ್ತು. 12.6 ಬರಬೇಕಾದಲ್ಲಿ 10.5 ಬಂದರೆ ಉಳಿಯೋದು ಅರ್ಧ.

ಆರುವೋಲ್ಟ್

6 ವೋಲ್ಟಿನ ಗಾಡಿ ಇರೋರು ಇದನ್ನು ಇನ್ನೂ ಗಂಭೀರವಾಗಿ ತಗೊಳ್ಳಿ. 21 ವ್ಯಾಟ್ ಬಲ್ಬು 12 ವೋಲ್ಟಲ್ಲಿ 1.75 ಆಂಪ್ ಎಳೆದರೆ 6ರಲ್ಲಿ 3.5 ಎಳೆಯುತ್ತೆ. ಅರ್ಥಿನಲ್ಲಿ 0.2 ಓಮ್ ತುಕ್ಕು ಕೂತಿದೆ ಅನ್ನಿ. 12 ವೋಲ್ಟಿನ ಗಾಡಿಯಲ್ಲಿ ಹೋಗೋದು 0.35, ಅಂದರೆ ಶೇ. 3. ಅದೇ ತುಕ್ಕು 6 ವೋಲ್ಟಲ್ಲಿ 0.7 ನುಂಗುತ್ತೆ, ಶೇ. 12ರ ಹತ್ತಿರ.

ಬುಡ ಎರಡಕ್ಕೂ ಒಂದೇ. 1157ರ ಜಾಗಕ್ಕೆ 6 ವೋಲ್ಟಿನ 1154 ಸಲೀಸಾಗಿ ಕೂರುತ್ತೆ, 12 ವೋಲ್ಟ್ ಕೊಟ್ಟ ಕ್ಷಣವೇ ಫಟ್. ಉಲ್ಟಾ ಹಾಕಿದರೆ ಕೆಂಪಗೆ ಕೆಂಡದ ಹಾಗೆ ಉರಿಯುತ್ತೆ, ಜನ ಅದನ್ನೇ ‘ಹಳೇ ಗಾಡಿ ಅಲ್ವಾ, ಬೆಳಕು ಇಷ್ಟೇ’ ಅಂದುಕೊಂಡು ಸುಮ್ಮನಿರ್ತಾರೆ. ಅಮೆರಿಕದ ಗಾಡಿಗಳು ಹೆಚ್ಚಾಗಿ 1955–56ರ ಹೊತ್ತಿಗೆ 12 ವೋಲ್ಟಿಗೆ ಬಂದವು. ಫೋಕ್ಸ್‌ವ್ಯಾಗನ್ ಬೀಟಲ್ ಅಮೆರಿಕಕ್ಕೆ 12 ವೋಲ್ಟಲ್ಲಿ ಬಂದಿದ್ದು 1967ರ ಮಾದರಿಯಿಂದ. ಬ್ಯಾಟರಿ ಮುಚ್ಚಳ ಎಣಿಸೋದು ಎಲ್ಲಕ್ಕಿಂತ ಸುಲಭ: ಮೂರು ಇದ್ದರೆ 6, ಆರು ಇದ್ದರೆ 12.

ಪಿನ್ನುಲೆಕ್ಕ

ಹಿತ್ತಾಳೆ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಬಲ್ಬನ್ನೇ ಅಳೆಯಬಹುದು. ಮೀಟರ್ ಓಮಿಗೆ ಇಟ್ಟು, ಮೊದಲು ಎರಡು ಮೊನೆ ಒಂದಕ್ಕೊಂದು ತಾಗಿಸಿ ಬರೋ 0.2 ಅಥವಾ 0.3 ಬರೆದುಕೊಳ್ಳಿ, ಅದನ್ನು ಕಳೆಯಬೇಕು. ಹಿತ್ತಾಳೆಯಿಂದ ಒಂದೊಂದೇ ಬೊಟ್ಟಿಗೆ ಅಳೆಯಿರಿ. 12 ವೋಲ್ಟ್ 21 ವ್ಯಾಟಿನ ಫಿಲಮೆಂಟ್ ತಣ್ಣಗಿದ್ದಾಗ ಅರ್ಧ ಓಮಿನ ಆಸುಪಾಸು, 5 ವ್ಯಾಟಿನದು 2ರಿಂದ 3. ಲೆಕ್ಕದಲ್ಲಿ 21 ವ್ಯಾಟಿಗೆ 6.9 ಓಮ್ ಬರಬೇಕಲ್ಲ ಅಂತ ಗಾಬರಿ ಬೇಡ, ಅದು ಕಾದು ಬೆಳ್ಳಗಾದ ಮೇಲಿನ ಲೆಕ್ಕ. ಎರಡು ಬೊಟ್ಟಿಗೂ ಹಿತ್ತಾಳೆಗೂ ಸಂಪರ್ಕವೇ ಸಿಗದೆ, ಬೊಟ್ಟುಗಳ ನಡುವೆ ಮಾತ್ರ ಸಿಕ್ಕರೆ ಅದು ಮೇಲೆ ಹೇಳಿದ ದಾಯಾದಿ ಬಿಎ15ಡಿ.

ಹಳೇಚಕ್ರ

ಹೋಲ್ಡರ್ ಲೋಹಕ್ಕೂ ಬ್ಯಾಟರಿ ನೆಗೆಟಿವ್‌ಗೂ 11.4 ಬಂತು. ಈಗ ಬಿಚ್ಚಬೇಕು. ಬಲಗಡೆ ಬಲ್ಬು ಅಲ್ಲಾಡ್ತಿಲ್ಲ, ತುಕ್ಕು ಹಿಡಿದಿದೆ.

ಗ್ಯಾಸ್ಕೆಟ್‌ವಾಸಿ

ಬ್ಯಾಟರಿಯ ಅರ್ಥ್ ಕೇಬಲ್ ತೆಗೆದು ಶುರು ಮಾಡಿ.

ಲೆನ್ಸ್ ಸ್ಕ್ರೂ: ಹಿಂದಿನ ದಿನವೇ ಒಂದೊಂದು ತೊಟ್ಟು ತುಕ್ಕು ಬಿಡಿಸೋ ಎಣ್ಣೆ. ಸ್ಕ್ರೂ ತಲೆಯ ಸೀಳು ತುಂಬಾ ಕೂರೋ ಅಗಲದ ಸ್ಕ್ರೂಡ್ರೈವರ್ ಇಟ್ಟು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಳೇ ಪ್ಲಾಸ್ಟಿಕ್ ಲೆನ್ಸ್ ಗಾಜಿಗಿಂತ ನಾಜೂಕು, ಸ್ಕ್ರೂ ತೂತಿನ ಪಕ್ಕದಲ್ಲೇ ಸೀಳೋದು. ಲೆನ್ಸನ್ನು ಮೀಟಬೇಡಿ, ಗ್ಯಾಸ್ಕೆಟ್ ಅಂಟಿಕೊಂಡಿದ್ದರೆ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತ ಓಡಿಸಿ.

ಬಲ್ಬು: ಕೈಗವಸು, ಕನ್ನಡಕ. ಬುಡದ ಸುತ್ತ ಎಣ್ಣೆ ಹಾಕಿ ಕಾಲು ಗಂಟೆ ಬಿಡಿ. ಬಟ್ಟೆ ಸುತ್ತಿ ಒಳಕ್ಕೆ ಒತ್ತಿ, ಒತ್ತಿಹಿಡಿದೇ ಗಡಿಯಾರಕ್ಕೆ ಎದುರಾಗಿ ತಿರುಗಿಸಿ. ಬರದಿದ್ದರೆ ಎಡಕ್ಕೊಂಚೂರು ಬಲಕ್ಕೊಂಚೂರು ಆಡಿಸಿ. ಜನ ಮಾಡೋ ತಪ್ಪು ಅಂದರೆ ಒತ್ತದೆ ತಿರುಗಿಸೋದು, ಆಗ ಗಾಜು ಬುಡದಿಂದ ಕಿತ್ತುಬರುತ್ತೆ. ಹಾಗಾದರೂ ಚಿಂತೆಯಿಲ್ಲ: ಉಳಿದ ಗಾಜನ್ನು ತೆಗೆದು, ನೋಸ್ ಪ್ಲೈಯರಿನಲ್ಲಿ ಹಿತ್ತಾಳೆಯ ಅಂಚು ಹಿಡಿದು ಒಳಕ್ಕೆ ಮಡಿಸಿ. ಎರಡು ಮೂರು ಕಡೆ ಮಡಿಸಿದರೆ ಸಡಿಲವಾಗಿ ಬರುತ್ತೆ. ಹೋಲ್ಡರಿನ ಗೋಡೆಯನ್ನು ಮಾತ್ರ ಹಿಗ್ಗಿಸಬೇಡಿ.

ಬಂದ ಮೇಲೆ ತಳ ನೋಡಿ. ಕಂದುಬಣ್ಣದ ಫೈಬರ್ ಬಿಲ್ಲೆ, ಅದರ ಮೇಲೆ ಎರಡು ಕಾಂಟ್ಯಾಕ್ಟ್, ಹಿಂದೆ ಸ್ಪ್ರಿಂಗ್. ಬೆರಳಲ್ಲಿ ಒತ್ತಿ ಬಿಟ್ಟರೆ ಟಪ್ ಅಂತ ಮೇಲೆ ಬರಬೇಕು. ಸ್ಪ್ರಿಂಗ್ ಸೋತಿದ್ದರೆ ಕಾಂಟ್ಯಾಕ್ಟ್ ಕಿಡಿಹಾರಿ ಸುಟ್ಟಿರುತ್ತೆ, ಬಲ್ಬಿನ ಸೀಸದ ಬೊಟ್ಟೂ ಚಪ್ಪಟೆಯಾಗಿರುತ್ತೆ. ಬಿಲ್ಲೆ, ಸ್ಪ್ರಿಂಗ್, ಎರಡು ತಂತಿ ಸೇರಿದ ರಿಪೇರಿ ಸೆಟ್ ಸಿಗುತ್ತೆ, ಇಡೀ ಗೂಡು ಬದಲಿಸೋ ಅಗತ್ಯ ಇಲ್ಲ.

ತಾಮ್ರತಂತಿ

ಆ ಸೆಟ್ ಹಾಕೋವಾಗ ಒಂದು ಹುಷಾರು. ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿಬಿಟ್ಟರೆ ಎರಡು ಕಾಂಟ್ಯಾಕ್ಟ್ ಅದಲುಬದಲು. ಬಲ್ಬು ಸರಿಯಿದ್ದರೂ ಪಾರ್ಕಿಂಗ್ ಕಣ್ಣು ಕುಕ್ಕುತ್ತೆ, ಇಂಡಿಕೇಟರ್ ಮಂಕು. 1157ನ್ನು ಬಲವಂತವಾಗಿ ಹಿಂದುಮುಂದಾಗಿ ತುರುಕಿದರೂ ಇದೇ ಲಕ್ಷಣ. ಹಾಗಾಗಿ ಲೆನ್ಸ್ ಮುಚ್ಚೋ ಮೊದಲು ಒಮ್ಮೆ ಹಾಕಿ ನೋಡಿ. ಬ್ರಿಟಿಷ್ ವೈರಿಂಗ್ ಆದರೆ ಬಣ್ಣವೇ ಹೇಳುತ್ತೆ: ಕೆಂಪು ಪಾರ್ಕಿಂಗ್, ಹಸಿರು-ಕೆಂಪು ಎಡ ಇಂಡಿಕೇಟರ್, ಹಸಿರು-ಬಿಳಿ ಬಲ, ಕಪ್ಪು ಅರ್ಥ್.

ಅರ್ಥಿಗೆ ಪೇಂಟ್ ಕೆರೆಯೋದಕ್ಕಿಂತ ಪ್ರತ್ಯೇಕ ತಂತಿ ಒಳ್ಳೇದು. 1 ಚದರ ಮಿ.ಮೀ. ಕಪ್ಪು ವೈರು, ಒಂದು ತುದಿ ಹೋಲ್ಡರಿನ ಲೋಹಕ್ಕೆ ಬೆಸುಗೆ ಅಥವಾ ಗೂಡಿನ ಸ್ಕ್ರೂಗೆ ರಿಂಗ್ ಟರ್ಮಿನಲ್, ಇನ್ನೊಂದು ತುದಿ ಬಾನೆಟ್ ಒಳಗೆ ಈಗಾಗಲೇ ಇರೋ ಅರ್ಥ್ ಬೋಲ್ಟಿಗೆ. ಹೊರಗಿಂದ ಕಾಣೋಲ್ಲ, ಹೊಸ ಪೇಂಟಿಗೂ ಗಾಯ ಇಲ್ಲ.

ಮಿಣುಕುಹುಳ

ಹೋಲ್ಡರ್ ಒಳಗೆ 400ರ ಎಮರಿ ಕಾಗದವನ್ನು ಕಡ್ಡಿಗೆ ಸುತ್ತಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಎಲ್ಲಾ ಕಡೆ ಡೈಎಲೆಕ್ಟ್ರಿಕ್ ಗ್ರೀಸ್ ಬಳಿಯಿರಿ. ಕರೆಂಟು ಚೆನ್ನಾಗಿ ಹರಿಯುತ್ತೆ.

ಪಿನ್ನುಲೆಕ್ಕ

ಉಜ್ಜೋದು ಸರಿ, ಕೊನೇ ಮಾತು ತಪ್ಪು. ಆ ಗ್ರೀಸ್ ವಾಹಕ ಅಲ್ಲ, ನಿರೋಧಕ. ಅದರ ಕೆಲಸ ನೀರು ತಡೆಯೋದು. ಸ್ಪ್ರಿಂಗ್ ಗಟ್ಟಿಯಿದ್ದರೆ ಬೊಟ್ಟು ಅದನ್ನು ತಳ್ಳಿ ಲೋಹಕ್ಕೆ ತಾಗುತ್ತೆ, ಸೋತ ಸ್ಪ್ರಿಂಗಿಗೆ ಅದೇ ಪರದೆ. ಬುಡದ ಹೊರಗೋಡೆಗೆ ತೆಳ್ಳಗೆ ಸವರಿ, ಮುಂದಿನ ಸಲ ಬಲ್ಬು ಕಚ್ಚಿಕೊಳ್ಳೋಲ್ಲ. ಬೊಟ್ಟಿಗೆ ಬೇಡ.

ಮಿಣುಕುಹುಳ

ಒಪ್ಪಿದೆ. ತಿದ್ದಿಕೊಳ್ತೀನಿ.

ಹಳೇಚಕ್ರ

1157 ತಗೊಳ್ಳಲಾ, ಪಿ21/5ಡಬ್ಲ್ಯೂ ತಗೊಳ್ಳಲಾ? ಲೆನ್ಸ್ ಬಿಳಿ, ಬಲ್ಬು ಅಂಬರ್ ಇರಬೇಕಾ?

ಪಿನ್ನುಲೆಕ್ಕ

ಬುಡ ಒಂದೇ, ಫಿಲಮೆಂಟಿನ ಎತ್ತರವೂ ಒಂದೇ, ಬುಡದ ಪಿನ್ನಿನಿಂದ 31.8 ಮಿ.ಮೀ. ಹಾಗಾಗಿ ಬೆಳಕು ಕೇಂದ್ರೀಕರಿಸೋದರಲ್ಲಿ ವ್ಯತ್ಯಾಸ ಇಲ್ಲ. ಆದರೆ 1157 ಸುಮಾರು 27 ವ್ಯಾಟ್ ಮತ್ತು 8, ಇನ್ನೊಂದು 21 ಮತ್ತು 5. ಗಾಡಿಯ ಕೈಪಿಡಿ ಯಾವುದನ್ನು ಹೇಳುತ್ತೋ ಅದು. ನಿಮ್ಮ ಹಳೇ ಫ್ಲ್ಯಾಶರ್ ತನ್ನ ಮೂಲಕ ಹರಿಯೋ ಕರೆಂಟಿನ ಬಿಸಿಯಿಂದ ಕೆಲಸ ಮಾಡೋದು, ವ್ಯಾಟ್ ಹೆಚ್ಚಿದರೆ ಬೇಗ ಬೇಗ ಮಿನುಗುತ್ತೆ, ಕಡಿಮೆಯಾದರೆ ನಿಧಾನ, ಒಂದು ಬಲ್ಬು ಸತ್ತರೆ ಹತ್ತಿಕೊಂಡೇ ನಿಂತುಬಿಡುತ್ತೆ. ಕಾರ್ಖಾನೆಯವರು ಬೇಕೆಂದೇ ಇಟ್ಟ ಎಚ್ಚರಿಕೆ ಅದು. ಸಣ್ಣ ಗೂಡಿನಲ್ಲಿ ರಾತ್ರಿಯಿಡೀ 8 ವ್ಯಾಟ್ ಉರಿದರೆ ಲೆನ್ಸ್ ಹಳದಿಯಾಗೋದೂ ಬೇಗ.

ಬಣ್ಣದ ವಿಚಾರ: ಅಮೆರಿಕದಲ್ಲಿ ಮುಂದಿನ ಇಂಡಿಕೇಟರ್ ಅಂಬರ್ ಆಗಿದ್ದು 1963ರ ಮಾದರಿಯಿಂದ, ಅದಕ್ಕೂ ಮುಂಚೆ ಬಿಳಿಯೇ. ಬಿಳಿ ಲೆನ್ಸಿಟ್ಟು ಅಂಬರ್ ಬಲ್ಬು ಹಾಕಿದರೆ ಪಾರ್ಕಿಂಗ್ ಬೆಳಕೂ ಅಂಬರ್ ಆಗುತ್ತೆ, ಒಂದೇ ಗಾಜು ತಾನೆ. ಗಾಡಿ ನೋಂದಣಿಯಾದ ಕಡೆಯ ನಿಯಮ ನೋಡಿ ತೀರ್ಮಾನಿಸಿ. ಹಾಕೋದಾದರೆ ಗಾಜೇ ಅಂಬರ್ ಇರೋ 1157ಎನ್‌ಎ ಥರದ್ದು ನೋಡಿ, ಬಣ್ಣ ಬಳಿದದ್ದು ಬಿಸಿಗೆ ಚಕ್ಕೆ ಏಳುತ್ತೆ.

ಗ್ಯಾಸ್ಕೆಟ್‌ವಾಸಿ

ಎಲ್‌ಇಡಿ ಪ್ರಶ್ನೆ ಉಳಿದಿದೆ. ಅರ್ಥ್ ಸರಿಮಾಡದೆ ಹಾಕಿದರೆ ಇದಕ್ಕಿಂತ ವಿಚಿತ್ರ ಆಟ ನೋಡ್ತೀರಿ. ಸರಿಮಾಡಿದ ಮೇಲೂ ಹಳೇ ಫ್ಲ್ಯಾಶರ್ ಅದರ ಸಣ್ಣ ಕರೆಂಟಿಗೆ ಬಿಸಿಯಾಗೋದೇ ಇಲ್ಲ, ಮಿನುಗೋಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಶರ್ ಬೇಕು, ಹೆಚ್ಚಿನವಕ್ಕೆ ಬೇರೆ ಅರ್ಥ್ ತಂತಿಯೂ ಬೇಕು. 6 ಓಮ್ 50 ವ್ಯಾಟಿನ ರೆಸಿಸ್ಟರ್ ಹಾಕೋರು ಇದ್ದಾರೆ. 14 ವೋಲ್ಟಿನಲ್ಲಿ ಅದು 2.3 ಆಂಪ್ ಎಳೆದು 32 ವ್ಯಾಟಿಗೂ ಹೆಚ್ಚು ಶಾಖ ಬಿಡುತ್ತೆ, ವೈರಿಗೆ ಕಟ್ಟಿದರೆ ವೈರೇ ಕರಗುತ್ತೆ. ತಗಡಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಕರೆಂಟು ಉಳಿಸೋಕೆ ಎಲ್‌ಇಡಿ, ಸುಡೋಕೆ ರೆಸಿಸ್ಟರ್, ಎಂಥಾ ಲೆಕ್ಕವೋ!

ಎರಡು ಬದಿಗೂ ಸೇರಿ ಒಂದೇ ಬಾಣ ಇರೋ ಗಾಡಿಗಳಲ್ಲಿ ಇನ್ನೊಂದು ಪೇಚು. ಆ ಪುಟ್ಟ ಬಲ್ಬಿನ ಒಂದು ಕಾಲು ಎಡ ಲೈನಿಗೆ, ಇನ್ನೊಂದು ಬಲಕ್ಕೆ. ಎಡ ಹಾಕಿದಾಗ ಬಲಗಡೆ ಬಲ್ಬುಗಳ ಮೂಲಕ ಅರ್ಥ್ ಪಡೆಯುತ್ತೆ. ಎಲ್‌ಇಡಿ ಹಾಕಿದರೆ ಅಷ್ಟು ಕರೆಂಟಿಗೇ ನಾಲ್ಕೂ ಮಿನುಗುತ್ತವೆ. ಎಡ, ಬಲ ಲೈನುಗಳಿಂದ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋದು) ತಂದು ಬಾಣದ ಒಂದೇ ಕಾಲಿಗೆ ಸೇರಿಸಿ, ಇನ್ನೊಂದು ಕಾಲನ್ನು ಅರ್ಥ್ ಮಾಡಿದರೆ ಸರಿ. ಪಾಸಿಟಿವ್ ಅರ್ಥ್ ಗಾಡಿಯಾದರೆ ಡಯೋಡ್ ತಿರುಗಿಸಿ, ಎಲ್‌ಇಡಿಯೂ ಫ್ಲ್ಯಾಶರೂ ಅದಕ್ಕೆ ಹೊಂದೋದೇ ಬೇಕು.

ನನ್ನ ಮಟ್ಟಿಗೆ ಒಳ್ಳೇ ಅರ್ಥ್ ಇರೋ 21 ವ್ಯಾಟ್ ಬಲ್ಬು ಸಾಕು.

ಹಳೇಚಕ್ರ

ಬಲಕ್ಕೆ ಪಿ21/5ಡಬ್ಲ್ಯೂ ಹಾಕಿದೆ, ಕೈಪಿಡಿಯಲ್ಲೂ 21/5 ಅಂತಲೇ ಇದೆ. ಬಾಣ ತಾನಾಗಿ ಉರಿಯೋದು ನಿಂತಿತು. ಎಡಕ್ಕೆ ಅರ್ಥ್ ತಂತಿ ಎಳೆದ ಮೇಲೆ 11.4 ಇದ್ದದ್ದು 0.04ಕ್ಕೆ ಇಳಿದಿದೆ, ಇಂಡಿಕೇಟರ್ ಗಟ್ಟಿಯಾಗಿ ಹೊಡೆಯುತ್ತೆ. ಒಂದೇ ಅನುಮಾನ: ನಿಮಿಷಕ್ಕೆ ಬಲಕ್ಕೆ 72 ಸಲ, ಎಡಕ್ಕೆ 86 ಮಿನುಗುತ್ತೆ. ಫ್ಲ್ಯಾಶರ್ ಹೋಗಿದೆಯಾ?

ತಾಮ್ರತಂತಿ

ಫ್ಲ್ಯಾಶರ್ ಚೆನ್ನಾಗೇ ಇದೆ. ಯುರೋಪಿನ ನಿಯಮದಲ್ಲಿ 60ರಿಂದ 120ರವರೆಗೂ ಸರಿಯೇ. ಎಡಗಡೆ ಹಳೇ 1157 ಹಾಗೇ ಬಿಟ್ಟಿದ್ದೀರಿ ಅಲ್ವಾ? ಆ ಹೆಚ್ಚುವರಿ 6 ವ್ಯಾಟೇ ಬೇಗ ಮಿನುಗಿಸ್ತಿರೋದು. ಅದನ್ನೂ ಪಿ21/5ಡಬ್ಲ್ಯೂ ಮಾಡಿ, ಹಿಂದಿನ ಎರಡು ಬಲ್ಬಿನ ಬುಡವನ್ನೂ ಒಮ್ಮೆ ಓದಿ, ಅಲ್ಲೂ 1156 ಕೂತಿರಬಹುದು.

ಗ್ಯಾಸ್ಕೆಟ್‌ವಾಸಿ

ಲೆನ್ಸ್ ಮುಚ್ಚೋವಾಗ ಗೂಡಿನ ಕೆಳಗಿನ, ನೀರು ಇಳಿದುಹೋಗೋ ಸಣ್ಣ ತೂತು ಗ್ಯಾಸ್ಕೆಟ್‌ನಿಂದ ಮುಚ್ಚಿಹೋಗದಿರಲಿ, ಪೇಂಟ್ ತುಂಬಿದ್ದರೆ ಸೂಜಿ ಹಾಕಿ ಬಿಡಿಸಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಗ್ಯಾಸ್ಕೆಟ್ ಅಂಚು ಉಬ್ಬಲು ಶುರುವಾದ ತಕ್ಷಣ ನಿಲ್ಲಿಸಿ.